ಪೊರುಮಾ, ಫ್ರೀಜರು ಕೆಟ್ಟ ವಾರ

ಕೇರ್ನ್ಸ್ ಬಿಟ್ಟದ್ದು ನಸುಕಿಗೆ. ಹಾರ್ನ್ ದ್ವೀಪದಿಂದ
ಎಂಟು ಜನರ ವಿಮಾನ. ಹತ್ತುವ ಮುನ್ನ
ನನ್ನನ್ನೂ ತೂಗಿದರು, ಕಂಪ್ರೆಸರನ್ನೂ ತೂಗಿದರು,
ಒಂದೇ ತಕ್ಕಡಿಯಲ್ಲಿ.

ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಯಾರೋ
ಆರಾಮಿದ್ದೀಯಾ ಎನ್ನುವಷ್ಟು ಊರು.
ಇರುವುದೊಂದೇ ಅಂಗಡಿ. ಫ್ರೀಜರು ಕೆಟ್ಟು ಆರು ದಿನ.
ಮಾಂಸವನ್ನೆಲ್ಲ ಬೇಯಿಸಿ ಊರಿಗೇ ಹಂಚಿಬಿಟ್ಟಿದ್ದಾರೆ;
ನಾನು ತಡವಾದೆನೆಂದು ಯಾರಿಗೂ ಬೇಸರವಿಲ್ಲ.

ಕೆಲಸ ಮೂರು ಗಂಟೆಗೇ ಮುಗಿಯಿತು. ವಿಮಾನ ನಾಳೆ.

ಎಟ್ಟಾ ಮೋಸ್ಬಿ ಬಾದಾಮಿ ಮರದ ನೆರಳಲ್ಲಿ
ಕಾಲು ಚಾಚಿ ಕಾಯಿ ತುರಿಯುತ್ತಿದ್ದಳು.
ತುರಿಮಣೆ! ಅಂದೆ, ಬಾಯಿತಪ್ಪಿ, ಕನ್ನಡದಲ್ಲೇ.
ಅವಳೂ ತನ್ನ ಮಾತಲ್ಲಿ ಅದರ ಹೆಸರು ಹೇಳಿದಳು.
ನನ್ನದು ಅವಳ ನಾಲಿಗೆಗೆ ಹತ್ತಲಿಲ್ಲ, ಅವಳದು ನನ್ನದಕ್ಕೆ.
ಮಣೆ ಮಾತ್ರ ಇಬ್ಬರಿಗೂ ಗೊತ್ತಿತ್ತು.

"ನಿಮ್ಮೂರಿಗೆ ಕಡಲು ಎಷ್ಟು ದೂರ?"
ಸಿಂಧನೂರಲ್ಲಿ ಕಾಲುವೆ ಇದೆ, ಅಂದೆ,
ಸರದಿಯ ಮೇಲೆ ನೀರು ಬಿಡುತ್ತಾರೆ.
ನಕ್ಕಳು. "ಇಲ್ಲೂ ಸರದಿಯೇ.
ದಿನಕ್ಕೆರಡು ಸಲ, ಕೇಳದಿದ್ದರೂ."
ತುರಿ ಹತ್ತಿದ ಬೆರಳಲ್ಲಿ ತೋರಿಸಿದಳು,
ದಡದಲ್ಲಿ ಬೇರು ಮೇಲಾಗಿ ಬಿದ್ದ ಐದು ತೆಂಗು.
"ಅವುಗಳಾಚೆ ನಮ್ಮಜ್ಜನ ಅಡುಗೆಮನೆ."
ಅವುಗಳಾಚೆ ಬರೀ ನೀಲಿ. ಒಂದು ಆಮೆಯ ತಲೆ
ಎದ್ದು, ನೋಡಿ, ಮುಳುಗಿತು.

ರಾತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದೆ.
ಗೋಡೆಯಾಚೆ ನಾನು ರಿಪೇರಿ ಮಾಡಿದ ಮೋಟಾರು,
ಅದರಾಚೆ ಯಾರೂ ರಿಪೇರಿ ಮಾಡಲಾಗದ ನೀರು.
ಮೋಟಾರು ಆಗಾಗ ನಿಲ್ಲುತ್ತಿತ್ತು,
ಸಾಕಷ್ಟು ತಣ್ಣಗಾದ ಮೇಲೆ, ನಿಲ್ಲಬೇಕಾದ ಹಾಗೆ.