ಇಪ್ಪತ್ತೊಂಬತ್ತನೇ ರೋಜಾ

ಸವಣೂರಿನ ಮಾಳಿಗೆಯ ಮೇಲೆ ನಾವು ಐದು ಜನ,
ಖರ್ಜೂರದ ಬೀಜ ಇನ್ನೂ ದವಡೆಯಲ್ಲಿ.
ಪಡುವಣದ ತುಂಬ ಮೋಡ,
ನದಾಫರ ಅಂಗಳದಲ್ಲಿ ಹಿಂಜಿ ಬಿಟ್ಟ ಅರಳೆಯ ಹಾಂಗೆ.

ತಮ್ಮ ತೌಸೀಫನ ಕೈಯಲ್ಲಿ ಫೋನು:
ಚಂದ್ರನ ವಯಸ್ಸು ಹನ್ನೊಂದು ತಾಸು,
ಆರು ಐವತ್ತೆಂಟಕ್ಕೆ ಅಸ್ತ.
"ವಿಜ್ಞಾನ ಈಗ ಹೇಳಾಕ ಹತ್ತೈತಿ,
ಕುರಾನಿನಾಗ ಎಂದೋ ಬಂದೈತಿ.
ಹಗಲಿನ ಮ್ಯಾಲ ರಾತ್ರಿ ಸುತ್ತತಾನಂತ, ರುಮಾಲು ಸುತ್ತಿಧಾಂಗ.
ದುಂಡಗಿಲ್ಲದ್ದಕ್ಕ ಸುತ್ತಾಕ ಬರತೈತೇನು?
ಭೂಮಿ ದುಂಡಗೈತಿ ಅಂತ ಇನ್ನ ಹೆಂಗ ಹೇಳಬೇಕು?"

ಬಸವಣ್ಣೆಪ್ಪ ಸರ್,
ಎಂಟನೆತ್ತಾದಾಗ ನನಗೆ ವಿಜ್ಞಾನ ಕಲಿಸಿದವರು,
ಈಗ ಅಳಿಯನ ಎಲೆತೋಟದ ಲೆಕ್ಕ ಬರೆಯುವವರು,
ದೇಟು ಮುರಿದು, ಉಗುರಿನಿಂದ ಸುಣ್ಣ ಸವರಿ:
"ಹಂಗಾದರ ಕೆಸರಬುಗ್ಗಿಯೊಳಗ ಸೂರ್ಯ ಮುಳುಗಿದ್ದು?
ಅದೂ ಅದರಾಗ ಐತೆಲ್ಲ?"
"ಅದು ಆ ಪ್ರಯಾಣಿಕಗ ಕಂಡದ್ದು, ಸರ್. ಕಂಡದ್ದು ಅಷ್ಟ."
"ಹೊಂದಿದರ ಗಣಿತ, ಹೊಂದದಿದ್ರ ಉಪಮೆ.
ಅರಿವಿ ಸಾಲಲಿಲ್ಲಂದ್ರ ಫ್ಯಾಶನ್ ಅನ್ನೋ
ಟೇಲರನ ನ್ಯಾಯ ಆತಲ್ಲೋ ತಮ್ಮಾ."

ನಕ್ಕದ್ದು ಯಾರು ಅಂದರೆ ದಾವಲಸಾಬ ಮಾಮಾ.
ನಲವತ್ತು ವರ್ಷ ಹುಡುಗರಿಗೆ ಅಲಿಫ್ ಬೇ ತಿದ್ದಿಸಿದ ಬೆರಳು
ಗಡ್ಡದಾಗ ಸಿಕ್ಕೊಂಡು ನಿಂತಿತು.
"ಖರೇ ಐತಿ" ಅಂದ.
ತೌಸೀಫನ ಮಾರಿ ನೋಡಬೇಕಿತ್ತು,
ಜೋಡಿಯವನೇ ರನ್ ಔಟ್ ಮಾಡಿಸಿದ ಹಾಂಗೆ.

ಆಮೇಲೆ ಮಾಮಾ ಸರ್ ಕಡೆ ತಿರುಗಿದ:
"ನಾ ಸಾಲಿಗೆ ಹೋಗೂವಾಗ ನಿಮ್ಮ ಪುಸ್ತಕದಾಗ
ಒಂಬತ್ತು ಗ್ರಹ ಇದ್ವು.
ಕಡೀದು ಮರತು ಛಡಿ ತಿಂದೇನಿ.
ಈಗ ಎಂಟ ಅಂತ. ಆ ಏಟು ವಾಪಸ್ ತಗೋತೀರೇನು?"
ಸರ್ ಜಗಿಯೂದು ನಿಲ್ಲಿಸಿದರು.
"ತಪ್ಪು ತಿದ್ದಕೋತೈತಿ. ಅದಕ್ಕ ಅದು ವಿಜ್ಞಾನ."
"ಅದನ್ನ ನಾನೂ ಹೇಳೂದು. ದಿನಾ ಸರಿಸೋ ಗೂಟಕ್ಕ
ನನ್ನ ನಮಾಜು ತೂಗಹಾಕಂಗಿಲ್ಲ.
ಮುಗಿಲು ನೋಡು ಅಂದಾನ, ನೋಡತೇನಿ.
ಪರೀಕ್ಷಾದಾಗ ಎಷ್ಟು ಮಾರ್ಕ್ಸ್ ಬಿದ್ವು ಅಂತ
ಅವನ್ನ ಕೇಳಾಕ ನಾ ಯಾವ ಊರ ಮಾಸ್ತರ?"

ಎಲ್ಲರೂ ನನ್ನ ಕಡೆ ನೋಡಿದರು.
ನಾನು ಹಾವೇರಿಯ ಹೈಸ್ಕೂಲಿನಲ್ಲಿ ಗ್ರಹಣ ಕಲಿಸುವವಳು:
ನಿಂಬೆಹಣ್ಣು, ಟಾರ್ಚು, ವಾಲಿಬಾಲು.
ಈ ತಿಂಗಳು ಬಿಟ್ಟ ಆರು ರೋಜಾಕ್ಕೆ
ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲ್ ಗೀಟು ಎಳೆದಿಟ್ಟವಳು.
ಎರಡೂ ಲೆಕ್ಕ ನನ್ನವೇ.
ಒಂದನ್ನು ಕಟಕಟೆಗೆ ಹತ್ತಿಸಿ
ಇನ್ನೊಂದರ ಕಡೆಯಿಂದ ಸಾಕ್ಷಿ ಕೇಳಲು ಬಾಯಿ ಬರಲಿಲ್ಲ.
ಅಂದೆ: "ಚಹಾ ಯಾರ್ಯಾರಿಗೆ?"

ಕೌದಿಗೆ ತೇಪೆ ಹಚ್ಚುತ್ತ ಕೂತಿದ್ದ ಅವ್ವ
ತಲೆ ಎತ್ತದೆ:
"ಮೋತಿ ತಲಾಬದಾಗ ದಿನಾ ಮುಳಗತಾನಲ್ಲ ಸೂರ್ಯ,
ಅದಕ್ಯಾಕ ಇಷ್ಟು ಜಗಳ?
ನಾ ಮದಿವ್ಯಾಗಿ ಬಂದಾಗಿಂದ ನೋಡತೇನಿ.
ಮದಲ ಇಷ್ಟು ಕೆಸರಿರಲಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು.
ಓಣಿ ಪೂರಾ ಕತ್ತಲೆ. ಎಲ್ಲೋ ಒಂದು ಮಿಕ್ಸರು
ಅರ್ಧ ಖಾರ ಅರೆದು ಸುಮ್ಮನಾಯಿತು.
"ಯಾ ಅಲ್ಲಾ, ಸೂಜಿ" ಅಂದಳು ಅವ್ವ.

ತೌಸೀಫ ಚಂದ್ರನ ವಯಸ್ಸು ಅಳಿಸಿ ಟಾರ್ಚ್ ಹಚ್ಚಿದ.
ಸರ್ ಧೋತರ ಎತ್ತಿಕಟ್ಟಿ ಮೊಣಕಾಲೂರಿದರು.
ಮಾಮಾ ಅಂಗೈ ಚಾಚಿ ಗಚ್ಚು ಸವರತೊಡಗಿದ.
ನಾನು ಕೌದಿಯನ್ನು ತೇಪೆ ತೇಪೆ ತಡವಿದೆ,
ಅಜ್ಜಿಯ ಹಸಿರು ಸೀರೆ, ಅಬ್ಬಾನ ಪಟ್ಟೆ ಅಂಗಿ,
ತೌಸೀಫನ ಮೂರನೆತ್ತಾದ ಯೂನಿಫಾರ್ಮು.
ಏಳು ಹೊಡೆದರೂ ಯಾರೂ ಮೇಲೆ ನೋಡಲಿಲ್ಲ.

ಲಕ್ಷ್ಮೇಶ್ವರದಿಂದ ಫೋನು: ಅಲ್ಲೂ ಮೋಡ, ಕಂಡಿಲ್ಲ.
ಹುಬ್ಬಳ್ಳಿಯ ಸುದ್ದಿ ಇನ್ನೂ ಬಂದಿಲ್ಲ.
"ಮೂವತ್ತು ಪೂರಾ ಮಾಡೂಣು" ಅಂದ ಮಾಮಾ,
ಗಚ್ಚಿನ ಮೇಲಿನ ಕೈ ತೆಗೆಯದೆ.

ಅವ್ವ ಮೆಟ್ಟಿಲಿಳಿದು ಹೋದವಳು
ಕೆಳಗಿನಿಂದಲೇ ಕೂಗಿದಳು:
"ಬರಿಗಾಲಾಗ ಯಾರೂ ತಿರಗಬ್ಯಾಡ್ರಿ.
ಕಾಣವಲ್ದು, ಅಷ್ಟ.
ಐತಿ ಅದು, ಅಲ್ಲೇ ಐತಿ."