ಹದಿನೈದು ಸೆಕೆಂಡು

ಕೋಟುಗಳ ಬೀರುವಿನೊಳಗೆ ಮಂಡಿ ಮಡಚಿ ಕೂತು
ರೆಕಾರ್ಡು ಮಾಡುತ್ತೇನೆ, ರಾತ್ರಿ ಎರಡರ ಮೇಲೆ.
ಬೂಸಾನ್ ಬಂದರು ಬಾಯಿ ಮುಚ್ಚುವುದೇ ಆಗ.

ಈ ಸಲ ಮುಖದ ಕ್ರೀಮು.
ಕ್ರೀಮಿಗೆ ಸದ್ದಿಲ್ಲ. ಯಾವ ಕ್ರೀಮಿಗೂ ಇಲ್ಲ.
ಮುಚ್ಚಳ ತಿರುವಲು ಹಳೇ ಗಡಿಯಾರದ ಕೀಲಿ,
ಬೆರಳು ಅದ್ದಲು ಆರಿದ ಗಂಜಿ.
ಇಷ್ಟು ಒಪ್ಪಿಗೆಯಾಯಿತು.
ಕೆನ್ನೆಗೆ ಸವರುವಲ್ಲಿ ಮಾತ್ರ
ಸಿಯೋಲ್ ಆಫೀಸಿನ ಬ್ಯೊನ್ ಮತ್ತೆ ಮತ್ತೆ ಬರೆಯುತ್ತಾನೆ:
ಇನ್ನೂ ಮೆತ್ತಗೆ.
ಕೇಳಿದವರಿಗೆ ಹೆಗ್ಗತ್ತು ಜುಮ್ಮೆನ್ನಬೇಕು,
ಪರದೆಯ ಮೇಲಿನ ಹೆಬ್ಬೆರಳು ಜಾರದೆ ನಿಲ್ಲಬೇಕು.

ರೇಷ್ಮೆ ಉಜ್ಜಿದೆ. ಹತ್ತಿ ಹಿಂಜಿದೆ.
ಪಕ್ಕದ ಮನೆಯ ಬೆಕ್ಕನ್ನು ಒಂದು ಗಂಟೆ ಸಾಲ ತಂದೆ,
ಅದು ಗುರುಗುಟ್ಟಿ ಎಲ್ಲ ಕೆಡಿಸಿತು.

ಆಗ ಅಮ್ಮ ನೀರಿಗೆ ಎದ್ದಳು.
ಬಾಗಿಲ ಕಿರ್ರು ಅವಳಿಗೆ ಕೇಳದು,
ನಾನು ಶ್ ಅಂದದ್ದೂ.
ಯೊಂಗ್ದೋ ದ್ವೀಪದ ಹಡಗುಕಟ್ಟೆಯಲ್ಲಿ
ಹಗ್ಗಕ್ಕೆ ಬಿಗಿದ ಹಲಗೆಯ ಮೇಲೆ ತೂಗಾಡುತ್ತ
ಇಪ್ಪತ್ತಾರು ವರ್ಷ
ಹಡಗಿನ ಹೊಟ್ಟೆಯ ತುಕ್ಕು ಕುಟ್ಟಿದವಳು ಮಲ್ಸುನ್.
ಕಂಗ್ ಕಂಗ್ ಕಂಗ್ ಕಂಗ್.
ಆ ಹೆಂಗಸರನ್ನು ಊರು ಕರೆದದ್ದೇ ಆ ಸದ್ದಿನಿಂದ.
ಎಡಗಿವಿ ನಾನು ಹುಟ್ಟುವ ಮುಂಚೆ ಹೋಯಿತು,
ಬಲಗಿವಿ ನನ್ನ ಕಾಲೇಜಿನ ಫೀಜಿಗೆ.

ಬೀರು ತೆರೆದಳು. ಕತ್ತಲಲ್ಲಿ ನನ್ನ ಕಂಡು ಬೆಚ್ಚಲಿಲ್ಲ,
ರೂಢಿಯಾಗಿದೆ.
ಜಾರಿದ್ದ ಉಣ್ಣೆಕೋಟನ್ನು ಹ್ಯಾಂಗರಿಗೆ ಏರಿಸಿ
ತೋಳಿನುದ್ದ ಒಮ್ಮೆ ಅಂಗೈ ಎಳೆದಳು.
ಜಡ್ಡುಗಟ್ಟಿದ ಚರ್ಮಕ್ಕೆ ಎಳೆ ಎಳೆ ಸಿಕ್ಕಿ
ಬಿಟ್ಟು, ಸಿಕ್ಕಿ, ಬಿಟ್ಟು
ಸ ರ್ ರ್ ರ್
ಹೆಡ್‌ಫೋನಿನೊಳಗೆ ನನ್ನ ಬೆನ್ನುಹುರಿ ಎದ್ದು ಕೂತಿತು.

ಅದನ್ನೇ ಕಳಿಸಿದೆ.
ಬ್ಯೊನ್ ಕುಣಿದಾಡಿದ: ಎಂಥ ನಯ! ಯಾವ ಬಟ್ಟೆ ಇದು?
ಹಳೆಯದು, ಎಂದು ಬರೆದೆ.
ಈಗ ಎಲ್ಲೂ ನೇಯುವುದಿಲ್ಲ.

ಈಗ ಅದನ್ನು ಕೇಳುತ್ತ ನಿದ್ದೆ ಹೋಗುವವರಿದ್ದಾರಂತೆ,
ಮೆಟ್ರೋದಲ್ಲಿ, ಆಸ್ಪತ್ರೆಯ ಪಾಳಿ ಮುಗಿಸಿ,
ಕ್ರೀಮು ಕೊಳ್ಳದೆಯೂ.

ಅಮ್ಮನಿಗೆ ತೋರಿಸಿದೆ ನಿನ್ನೆ.
ಹಾಲುಕೆನ್ನೆಯ ಹುಡುಗಿ, ಕಣ್ಣು ಮುಚ್ಚಿ, ತುಸು ನಗುತ್ತ.
ಏನಂತಾಳೆ ಇವಳು? ಕೇಳಿದಳು.
ಏನೂ ಅನ್ನುವುದಿಲ್ಲ, ಕೈಸನ್ನೆ ಮಾಡಿದೆ. ನೀನೇ ಅದು,
ಎಂಬುದಕ್ಕೆ ನಮ್ಮಲ್ಲಿ ಸನ್ನೆಯಿರಲಿಲ್ಲ.
ಫೋನನ್ನು ಎದೆಯೆಲುಬಿಗೆ ಒತ್ತಿ ಹಿಡಿದು ನೋಡಿದಳು,
ಇಂಜಿನ್ನಿಗೆ ಕೈಯಿಟ್ಟು ನೋಡುವ ಹಾಗೆ.

ಇದೇನೇ, ಅದುರುವುದೇ ಇಲ್ಲ, ಎಂದು
ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದಳು.
ಕೆಳಗಿನಿಂದ ಬಂತು
ಎಣ್ಣೆಯಲ್ಲಿ ಚುಯ್‌ಗುಟ್ಟುವ ಯಾರದೋ ಕೋಳಿ.