ಸಾಸಿವೆ ಕಣ್ಣಿನ ಬಲೆ

ಮುಹರ್ರಕ್ಕಿನಲ್ಲಿ ಮೂಲೆಯ ಕಿರಾಣಿ ಅಂಗಡಿಗೂ
ಕೋಲ್ಡ್ ಸ್ಟೋರ್ ಎಂದೇ ಹೆಸರು.
ಹಾಗಾಗಿ ಊರಲ್ಲಿ ನನ್ನನ್ನು
ಸಕ್ಕರೆ ಕಟ್ಟಿಕೊಡುವವನೆಂದು ತಿಳಿದಿದ್ದಾರೆ.
ನನ್ನದು ಬೇರೆ: ಮೂರನೇ ನಂಬರಿನ ಬಾಗಿಲು,
ಸೊನ್ನೆಗಿಂತ ಹದಿನೆಂಟು ಕೆಳಗೆ,
ಹಲಗೆಯಂತೆ ಸೆಟೆದ ಅಂಜಲ್ ಮೀನು
ಪೆಟ್ಟಿಗೆ ಪೆಟ್ಟಿಗೆ.
ಹೊರಗೆ ನಲವತ್ತಾರು ಡಿಗ್ರಿ.
ನಡುವೆ ಒಂದು ಪ್ಲಾಸ್ಟಿಕ್ಕಿನ ಪರದೆ.
ಕಂಪನಿ ಕೋಟು ಕೊಟ್ಟಿದೆ, ಬೂಟು ಕೊಟ್ಟಿದೆ.
ಬೂಟಿನೊಳಗಿನ ಬೆರಳು ಮಾತ್ರ
ಮಧ್ಯಾಹ್ನದ ಹೊತ್ತಿಗೆ ಬೇರೆ ಯಾರದೋ.

ಡೋಲ್ಪಾದ ನರ್ಬು ನನ್ನ ಕಾಲು ನೋಡಿ ನಕ್ಕ.
ಅವನ ಕಡೆ ಗಂಡಸರೇ ಹೆಣೆಯುತ್ತಾರಂತೆ,
ಕುರಿಯ ಹಿಂದೆ ನಡೆಯುತ್ತ, ಕೈ ನೋಡದೆ.
ಕ್ಯಾಂಪಿನ ಹಿಂದೆ ಬಿದ್ದ ಸೈಕಲ್ಲಿನ ಚಕ್ರದಿಂದ
ಐದು ಕಡ್ಡಿ ಕಿತ್ತು
ಸಿಮೆಂಟಿನ ಮೆಟ್ಟಿಲಿಗೆ ಉಜ್ಜಿ ಉಜ್ಜಿ ತುದಿ ತಂದ.
ನೂಲಿಗೆ, ಕೆಲಸ ಬಿಟ್ಟು ಹೋದ ಯಾಕೂಬ್
ಮಂಚದಡಿ ಮರೆತ ಸ್ವೆಟರು.
ಮೈಯೆಲ್ಲ ನುಸಿ ತಿಂದಿತ್ತು, ತೋಳೆರಡು ಗಟ್ಟಿ.
ಕತ್ತರಿಸಿ ಮೀನಿನ ತಕ್ಕಡಿಯಲ್ಲಿ ತೂಗಿದೆವು:
ಎಡದ್ದು ಅರವತ್ತೊಂದು ಗ್ರಾಂ, ಬಲದ್ದು ಐವತ್ತೇಳು.
ಒಂದು ತೋಳಿಗೆ ಒಂದು ಕಾಲು.
ಬಿಚ್ಚಿದ ನೂಲು ನೆಟ್ಟಗಾಗಲೊಲ್ಲದು,
ಒತ್ತು ಶ್ಯಾವಿಗೆಯಂತೆ ಸುರುಳಿ ಸುರುಳಿ.

‘ಬೆರಳಿಂದ ಶುರು,’ ಅಂದ. ‘ಮೇಲಿಂದ ಇಳಿದರೆ
ನೂಲು ಸಾಲದೆ ಬರುವುದು ಬೆರಳ ಹತ್ತಿರ.
ಚಳಿ ಮೊದಲು ಕಚ್ಚುವುದೂ ಅಲ್ಲೇ.
ಕೆಳಗಿಂದ ಹತ್ತಿದರೆ ಮುಗಿದಲ್ಲಿಗೆ ಮುಗಿಯಿತು.
ಗಿಡ್ಡ ಕಾಲುಚೀಲಕ್ಕೆ ಯಾರೂ ದಂಡ ಹಾಕುವುದಿಲ್ಲ.’

ಎರಡು ಕಡ್ಡಿ ಜೋಡಿಸಿ ಹಿಡಿ.
ನೂಲು ಇದರ ಮೇಲೆ, ಅದರ ಕೆಳಗೆ,
ಎಂಟು ಬರೆದಂತೆ, ಎಂಟು ಸಲ.
ಅಷ್ಟೇ. ಗಂಟಿಲ್ಲ.
ನನಗೆ ನಂಬಿಕೆ ಬರಲಿಲ್ಲ.
ಕೋಡಿಯಲ್ಲಿ ಅಪ್ಪಯ್ಯ ಬಲೆ ಹೆಣೆದರೆ
ಒಂದೊಂದು ಕಣ್ಣಿಗೂ ನಾಲ್ಕು ಮೂಲೆ ಗಂಟು,
ಬೆರಳಿನ ಸಂದಿ ಬಿರಿಯುವಷ್ಟು ಬಿಗಿ.
ಗಂಟಿಲ್ಲದ್ದು ನಿಂತೀತೆ?
ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಹಿಂದಿ.
ಅದರಲ್ಲಿ ಪದ ಸಿಗದೆ ನಾನು ‘ಕಣ್ಣು’ ಅಂದೆ.
ಅವನೂ ಕಣ್ಣು ಅಂದ.
ಹದಿನಾರು ಕಣ್ಣು. ಎರಡಂಚಲ್ಲೂ ಹುಟ್ಟಿಸಿ ಹುಟ್ಟಿಸಿ
ಐವತ್ತಾರು.

ಮೂರು ಸಲ ಬಿಚ್ಚಿದೆ.
ಒಮ್ಮೆ ಅದು ಹೆಗ್ಗಣದ ಮೂತಿಯಾಗಿತ್ತು.
ಮೇಲಿನ ಮಂಚದ ದೇವಸಹಾಯಂ
‘ಹೆರಿಗೆ ಎಷ್ಟರಲ್ಲಿ?’ ಎಂದು ರೂಮಿಗೆಲ್ಲ ಕೇಳುವಂತೆ ಕೇಳಿದ.
ವಾರ ಕಳೆದ ಮೇಲೆ ತಾನೇ ಇಳಿದು ಬಂದು
ಎಲ್ಲಿಗೆ ಬಂತೆಂದು ಗೇಣು ಹಾಕಿ ನೋಡತೊಡಗಿದ.

ಹಿಮ್ಮಡಿಯ ದಿನ ‘ಸಾಲು ಮುಗಿಸಬೇಡ,’ ಅಂದ ನರ್ಬು.
ಕೊನೆಗೆ ಒಂದು ಕಣ್ಣು ಬಿಟ್ಟು ತಿರುಗು,
ಮತ್ತೊಂದು ಬಿಟ್ಟು ತಿರುಗು.
ಬಿಟ್ಟವು ಕಡ್ಡಿಯ ಮೇಲೇ ಕಾಯುತ್ತವೆ.
ನಡುವೆ ಹತ್ತು ಉಳಿದಾಗ
ಒಂದೊಂದನ್ನೇ ವಾಪಸು ಕರೆ.
ಕರೆದೆ. ಬಂದವು.
ಚಪ್ಪಟೆಯಿದ್ದಲ್ಲಿ ಒಂದು ಬೊಗಸೆ!
ಹಿಮ್ಮಡಿ ಅದರಲ್ಲಿ ಕೂತಿತು,
ಅಂಗೈಯಲ್ಲಿ ಕೋಳಿಮೊಟ್ಟೆ ಕೂತಂತೆ.

ಮುಗಿಸುವುದು ಹೇಗೆಂದು ಕಲಿಸುವ ಮೊದಲೇ
ನರ್ಬುವನ್ನು ಸಿತ್ರಾದ ಗೋದಾಮಿಗೆ ಹಾಕಿದರು.
ಹಾಸಿಗೆ ಸುತ್ತಿಕೊಂಡು ಪಿಕಪ್ ಹತ್ತಿದವನು
ಕೈಯಲ್ಲಿ ಏನೋ ತಿರುಗಿಸಿ ತೋರಿಸಿದ.
ಧೂಳಿನಲ್ಲಿ ಅರ್ಥವಾಗಲಿಲ್ಲ.
ನೂಲು ಎರಡು ಮಾರು ಉಳಿದಿತ್ತು.
ನನಗೆ ಗೊತ್ತಿದ್ದದ್ದು ಅಪ್ಪಯ್ಯನ ಗಂಟು.
ಐವತ್ತಾರು ಕಣ್ಣಿಗೂ ಹಾಕಿ ಮುಚ್ಚಿದೆ.
ಕಾಲು ಹೋಗಲಿಲ್ಲ.
ಹಿಮ್ಮಡಿಯ ಹತ್ತಿರ ಬಂದು ನಿಂತಿತು,
ಬಾಯಿ ಒಂದೆಳೆಯೂ ಹಿಗ್ಗದು.
ಬಲೆಯ ಗಂಟು. ತನ್ನ ಕೆಲಸ ತಾನು ಮಾಡಿತ್ತು.

ರಾತ್ರಿ ಫೋನಿನಲ್ಲಿ ಅಪ್ಪಯ್ಯ:
‘ಎಂತ ಮಾಡ್ತಾ ಇದ್ದೆ?’
‘ಹೆಣಿತಾ ಇದ್ದೆ.’
‘ಕಣ್ಣ್ ಎಷ್ಟ್ ದೊಡ್ಡದ್?’
‘ಸಾಸ್ಮಿ ಕಾಳಿನಷ್ಟ್.’
ಆ ಕಡೆ ಸ್ವಲ್ಪ ಹೊತ್ತು ಟಿವಿಯ ಸದ್ದು.
‘ಅಷ್ಟ್ ಸಣ್ಣ್ ಕಣ್ಣಂಗೆ
ಎಂತ ಮೀನ್ ಸಿಕ್ಕತ್ ಮಗಾ?’

ಇವತ್ತು ಶುಕ್ರವಾರ. ಗುಂಡುಸೂಜಿ ಹಿಡಿದು ಕೂತಿದ್ದೇನೆ,
ಗಂಟು ಬಿಡಿಸುತ್ತ, ಇಪ್ಪತ್ತಮೂರನೆಯದು.
ದೇವಸಹಾಯಂ ಟಾರ್ಚು ಹಿಡಿದಿದ್ದಾನೆ.
ಇದು ಎಡಗಾಲು.
ಬಲಗಾಲನ್ನು ಇನ್ನೂ ಬಿಚ್ಚಿಲ್ಲ.
ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದೆ,
ಯಾಕೂಬನ ತೋಳು.